ಕಾಗೆ ಕುಳಿತಿತು, ಕಾರು ಹೊರಟಿತು

ಕಳೆದ ಮಳೆಗಾಲದಿಂದೀಚೆಗೆ ನನ್ನ ಮಾರುತಿ 800ರ ವಿಷಯವಾಗಿ ದೂರವಾಣಿಯಲ್ಲಿ ಉಪದೇಶ ಮಾಡದ ಬಂಧುಗಳೇ ಇಲ್ಲ. “ಮಾರಿಬಿಡಿ ಮಾವ, ಇಪ್ಪತ್ತು ವರ್ಷ ದಾಟಿದ ಗಾಡಿ ಇನ್ನೆಷ್ಟು ದಿನ ಓಡೀತು?” ಎಂಬುದೇ ಎಲ್ಲರ ಪಲ್ಲವಿ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಹೇಳುವ ಬದಲು ಇಲ್ಲಿ ಒಟ್ಟಾಗಿ ಹೇಳಿಬಿಡುತ್ತೇನೆ. ನನ್ನ ಹಳೆಯ ವಿದ್ಯಾರ್ಥಿಗಳೂ ಓದಲಿ. ಇದರಲ್ಲಿ ಹತ್ತನೆಯ ತರಗತಿಯ ಒಂದು ಪಾಠವಿದೆ. ಆ ಪಾಠವನ್ನು ನಾನು ಸರಿಯಾಗಿ ಕಲಿಸಲಿಲ್ಲವೆಂಬ ತಪ್ಪೊಪ್ಪಿಗೆಯೂ ಇದೆ.

ರೋಗದ ಲಕ್ಷಣ ಹೀಗಿತ್ತು. ಕೀಲಿಕೈ ತಿರುಗಿಸಿದರೆ ಹತ್ತರಲ್ಲಿ ಎಂಟು ಸಲ ಎಂಜಿನ್ ತಟ್ಟನೆ ಹೊರಡುತ್ತಿತ್ತು. ಉಳಿದೆರಡು ಸಲ ‘ಟಕ್’ ಎಂಬ ಒಂದೇ ಸದ್ದು, ಆಮೇಲೆ ಮೌನ. ದೀಪಗಳು ಚೆನ್ನಾಗಿ ಉರಿಯುತ್ತಿದ್ದವು, ಹಾರ್ನ್ ಗಟ್ಟಿಯಾಗಿಯೇ ಕೂಗುತ್ತಿತ್ತು. ಐದು ನಿಮಿಷ ಬಿಟ್ಟು ಪ್ರಯತ್ನಿಸಿದರೆ ಏನೂ ಆಗದಂತೆ ಹೊರಟುಬಿಡುತ್ತಿತ್ತು. ದಂತವೈದ್ಯರ ಬಾಗಿಲಲ್ಲಿ ಹಲ್ಲುನೋವು ಮಾಯವಾಗುವ ಹಾಗೆ, ಗ್ಯಾರೇಜಿನ ಅಂಗಳದಲ್ಲಿ ಅದು ಒಮ್ಮೆಯೂ ಕೈಕೊಡಲಿಲ್ಲ.

ಮೊದಲನೆಯ ಗ್ಯಾರೇಜಿನವರು ಬ್ಯಾಟರಿ ಬದಲಿಸಿದರು. ಹದಿನೈದು ದಿನ ಸುಖ, ಮತ್ತೆ ‘ಟಕ್’. ಎರಡನೆಯವರು ಸೆಲ್ಫ್ ಮೋಟಾರ್ ಬದಲಿಸಿದರು. ಒಂದು ತಿಂಗಳು ಸುಖ, ಮತ್ತೆ ‘ಟಕ್’. ಮೂರನೆಯವರು ಇಗ್ನಿಷನ್ ಸ್ವಿಚ್ ಹಾಕಿದರು. ಒಟ್ಟು ಒಂಬತ್ತು ಸಾವಿರ ರೂಪಾಯಿ ಖರ್ಚಾಯಿತು. ಹೀಗಿರುವಾಗ ಒಂದು ರಾತ್ರಿ ಹನ್ನೊಂದರ ಸುಮಾರಿಗೆ ನನ್ನ ಅಕ್ಕನಿಗೆ ಉಬ್ಬಸ ಏರಿತು. ಅವಳನ್ನು ಕೈಹಿಡಿದು ತಂದು ಕಾರಿನಲ್ಲಿ ಕೂರಿಸಿ ಕೀಲಿಕೈ ತಿರುಗಿಸಿದರೆ, ‘ಟಕ್’. ಎದುರುಮನೆಯವರನ್ನು ನಿದ್ದೆಯಿಂದ ಎಬ್ಬಿಸಿ ಅವರ ಕಾರಿನಲ್ಲಿ ಆಸ್ಪತ್ರೆ ಸೇರಿದೆವು. ಅಕ್ಕ ಈಗ ಕ್ಷೇಮವಾಗಿದ್ದಾಳೆ. ಆದರೆ ಆ ಇಪ್ಪತ್ತು ನಿಮಿಷ ಅವಳು ಉಸಿರಿಗಾಗಿ ಪಟ್ಟ ಪಾಡನ್ನು ನಾನು ಮರೆಯಲಾರೆ.

ಆ ರಾತ್ರಿ ನನಗೆ ನನ್ನ ಮೇಲೆಯೇ ಸಿಟ್ಟು ಬಂತು. ನಲವತ್ತು ವರ್ಷಗಳ ಹತ್ತಿರ ವಿಜ್ಞಾನ ಬೋಧಿಸಿದವನು ಮೂರು ಸಲ ಕಾಕತಾಳೀಯವನ್ನು ಕಾರಣವೆಂದು ನಂಬಿದ್ದೆ. ಕಾಗೆ ಬಂದು ಕುಳಿತ ಗಳಿಗೆಯಲ್ಲಿ ತಾಳೆಯ ಹಣ್ಣು ಬಿದ್ದರೆ ಬೀಳಿಸಿದ್ದು ಕಾಗೆಯಲ್ಲ. ಬಿಟ್ಟುಬಿಟ್ಟು ಬರುವ ದೋಷ ತಾನಾಗಿಯೇ ಹೋಗುತ್ತದೆ, ತಾನಾಗಿಯೇ ಬರುತ್ತದೆ. ಅದು ಹೋದ ಗಳಿಗೆಯಲ್ಲಿ ಯಾವ ಬಿಡಿಭಾಗ ಬದಲಾಗಿದ್ದರೆ ಆ ಭಾಗಕ್ಕೆ ಕೀರ್ತಿ! ಇದಕ್ಕೆ ರಿಪೇರಿ ಎಂಬ ಹೆಸರು ಸಲ್ಲದು.

ಊರಿಗೆ ಬಂದವಳು ನೀರಿಗೆ ಬಾರದಿರುವಳೇ? ಒಂದು ಮಲ್ಟಿಮೀಟರನ್ನು ಕಾರಿನಲ್ಲಿಯೇ ಇಟ್ಟುಕೊಂಡು ಕಾದೆ. ನಾಲ್ಕನೆಯ ದಿನ ಬೆಳಿಗ್ಗೆ ‘ಟಕ್’ ಎಂದಿತು. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮನೆಯಾಕೆಯನ್ನು ಕರೆದು ಕೀಲಿಕೈ ತಿರುಗಿಸಿ ಹಿಡಿಯಲು ಹೇಳಿದೆ. ಬ್ಯಾಟರಿಯ ಎರಡು ಧ್ರುವಗಳ ನಡುವೆ 11.5 ವೋಲ್ಟ್ ಇತ್ತು. ಅಂದರೆ ಬ್ಯಾಟರಿ ನಿರ್ದೋಷಿ. ಸೆಲ್ಫ್ ಮೋಟಾರಿಗೆ ತಲುಪುತ್ತಿದ್ದುದು 6 ವೋಲ್ಟ್ ಮಾತ್ರ. ಉಳಿದ 5.5 ಎಲ್ಲಿ ಹೋಯಿತು? ಬ್ಯಾಟರಿಯ ಧನಧ್ರುವದಿಂದ ಮೋಟಾರಿನವರೆಗೆ ಅಳೆದೆ: 0.2. ಋಣಧ್ರುವದಿಂದ ಎಂಜಿನ್ನಿನ ಲೋಹದವರೆಗೆ ಅಳೆದೆ: 5.3. ಅರ್ಧ ವೋಲ್ಟನ್ನೂ ಮೀರಬಾರದ ಜಾಗದಲ್ಲಿ ಐದು ವೋಲ್ಟ್ ಸೋರಿಹೋಗುತ್ತಿತ್ತು. ಕಳ್ಳ ಸಿಕ್ಕಿದ. ಗೇರ್‌ಬಾಕ್ಸಿಗೆ ಬೋಲ್ಟಿನಿಂದ ಬಿಗಿದಿದ್ದ ಅರ್ಥ್ ವೈರಿನ ತುದಿ ಕಿಲುಬು ಹಿಡಿದಿತ್ತು.

ಹಾಗಾದರೆ ದೀಪ ಉರಿದದ್ದು ಹೇಗೆ? ಓಮ್‌ನ ನಿಯಮವನ್ನು ನೆನಪಿಸಿಕೊಳ್ಳಿ. ಆ ಕಿಲುಬಿನ ರೋಧ ಹೆಚ್ಚೆಂದರೆ 0.05 ಓಮ್. ಹೆಡ್‌ಲೈಟುಗಳು ಎಳೆಯುವುದು ಹತ್ತು ಆಂಪಿಯರಿನ ಆಸುಪಾಸು. ಆ ಪ್ರವಾಹ ಈ ಕಿಲುಬನ್ನೇ ಹಾದುಹೋದರೂ ನಷ್ಟವಾಗುವುದು ಅರ್ಧ ವೋಲ್ಟ್. ಕಣ್ಣಿಗೆ ಕಾಣುವುದೇ ಇಲ್ಲ. ಸೆಲ್ಫ್ ಮೋಟಾರ್ ನೂರು ಆಂಪಿಯರಿಗೂ ಮಿಗಿಲಾಗಿ ಬೇಡುತ್ತದೆ. ಆಗ ಅದೇ ಕಿಲುಬು ಐದು ವೋಲ್ಟ್ ನುಂಗುತ್ತದೆ. ಬಲ್ಬು ಹಚ್ಚಿ ನೋಡಿ “ಅರ್ಥ್ ಸರಿಯಿದೆ” ಎಂದ ಮೆಕ್ಯಾನಿಕ್ ಸುಳ್ಳು ಹೇಳಲಿಲ್ಲ; ಸಣ್ಣ ಪ್ರಶ್ನೆ ಕೇಳಿ ಸಣ್ಣ ಉತ್ತರ ಪಡೆದಿದ್ದನಷ್ಟೆ. ದೊಡ್ಡ ಪ್ರವಾಹ ಹರಿಯುವಾಗಲೇ ಅಳೆಯಬೇಕಿತ್ತು. ತೇವ, ಶಾಖ, ಕುಲುಕಾಟಗಳಿಂದ ಕಿಲುಬಿನ ಸಂಪರ್ಕ ಗಳಿಗೆಗೊಂದು ರೀತಿಯಾಗುವುದರಿಂದ ದೋಷವೂ ಬಂದು ಹೋಗುತ್ತಿತ್ತು. ಬ್ಯಾಟರಿ ಬದಲಿಸುವಾಗ ವೈರನ್ನು ಅಲುಗಾಡಿಸಿದ್ದೇ ಆ ಹದಿನೈದು ದಿನಗಳ ಸುಖಕ್ಕೆ ಕಾರಣವಿದ್ದೀತು.

ಬ್ಯಾಟರಿಯ ಸಂಪರ್ಕ ತೆಗೆದು, ಬೋಲ್ಟ್ ಬಿಚ್ಚಿ, ಉಪ್ಪುಕಾಗದದಿಂದ ಲೋಹ ಹೊಳೆಯುವಂತೆ ಉಜ್ಜಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ಮತ್ತೆ ಅಳೆದಾಗ 0.2. ಖರ್ಚು ಒಂದು ಹಾಳೆ ಉಪ್ಪುಕಾಗದ. ಎಂಟು ತಿಂಗಳಾದವು, ಒಮ್ಮೆಯೂ ಕೈಕೊಟ್ಟಿಲ್ಲ. ಆದರೂ ಕಾಲ ಕಳೆದುದರಿಂದಲೇ ಗುಣವಾಯಿತೆಂದು ನಾನು ಹೇಳುತ್ತಿಲ್ಲ, 5.3 ಇದ್ದದ್ದು 0.2 ಆದುದರಿಂದ ಹೇಳುತ್ತಿದ್ದೇನೆ.

ಮೆಕ್ಯಾನಿಕ್‌ಗಳನ್ನು ಬೈಯುವುದು ಸುಲಭ. ಅವರಲ್ಲೊಬ್ಬನನ್ನು ನಾನು ಕೇಳಿಯೇಬಿಟ್ಟೆ. “ಸಾರ್, ಎರಡು ಗಂಟೆ ಹುಡುಕಿ ಬೋಲ್ಟ್ ಬಿಗಿ ಮಾಡಿ ಐನೂರು ರೂಪಾಯಿ ಕೇಳಿದರೆ ಕೊಡುತ್ತೀರಾ? ಬೋಲ್ಟ್ ತಿರುಗಿಸೋದಕ್ಕೆ ಐನೂರಾ ಅಂತೀರಿ. ಹೊಸ ಬ್ಯಾಟರಿ ಇಟ್ಟರೆ ಚೌಕಾಸಿ ಮಾಡದೆ ಕೊಡುತ್ತೀರಿ” ಎಂದ. ನನಗೆ ಮಾತು ಹೊರಡಲಿಲ್ಲ. ಕೈಗೆ ಸಿಗುವ ವಸ್ತುವಿಗೆ ಹಣ ಕೊಡುತ್ತೇವೆ, ಹುಡುಕುವ ಬುದ್ಧಿಗೆ ಕೊಡುವುದಿಲ್ಲ. ಹುಡುಕುವ ವಿದ್ಯೆಯನ್ನು ಗ್ಯಾರೇಜುಗಳಿಂದ ಓಡಿಸಿದವರು ನಾವೇ, ಅಂದರೆ ಗ್ರಾಹಕರು.

ಮೇಷ್ಟ್ರುಗಳ ಪಾಲೂ ಇದೆ. V=IR ಎಂದು ಕಪ್ಪುಹಲಗೆಯ ಮೇಲೆ ಬರೆದು ಮೂರು ಅಂಕದ ಲೆಕ್ಕ ಮಾಡಿಸಿದೆನೇ ಹೊರತು, ಅದು ಕಳ್ಳನನ್ನು ಹಿಡಿಯುವ ದೀಪವೆಂದು ನಿಮಗೆ ತೋರಿಸಲಿಲ್ಲ. ಕ್ಷಮೆಯಿರಲಿ.

ಕೊನೆಗೆ ಬಂಧುಗಳಿಗೆ ಒಂದು ಮಾತು. “ಹಳೆಯದಾಯಿತು” ಎಂಬುದು ರೋಗದ ಹೆಸರಲ್ಲ, ಹುಡುಕಲು ಸೋಮಾರಿಯಾದವನ ನೆಪ. ಆ ಕಾರಿನ ಉಳಿದ ವೈರುಗಳಿಗೂ ಅಷ್ಟೇ ವಯಸ್ಸು, ಅವೆಲ್ಲ ನೆಟ್ಟಗಿವೆ. ಈ ಮಾತನ್ನು ಕಾರಿನ ಪರವಾಗಿ ಮಾತ್ರ ಹೇಳುತ್ತಿಲ್ಲವೆಂದು, ಎಪ್ಪತ್ತು ದಾಟಿದವರು ಮನೆಯಲ್ಲಿರುವ ನಿಮಗೆಲ್ಲ ತಿಳಿದೀತು. ಮುಂದಿನ ಸಲ ಅಕ್ಕ “ಸುಸ್ತು” ಎಂದಾಗ “ವಯಸ್ಸಾಯಿತಲ್ಲ ಅತ್ತೆ” ಎನ್ನಬೇಡಿ. ಎಲ್ಲಿ, ಯಾವಾಗ, ಎಷ್ಟು ಹೊತ್ತು ಎಂದು ಕೇಳಿ.

ಗಾಡಿಯನ್ನು ಮಾರುವುದಿಲ್ಲ.