ಬಾಯಿಮಾತಿನ ವಿಧಾನ ಸಾಲದು

ಹಳೆಯ ಮಾದರಿಯ ಪುಟ್ಟ ವಿಮಾನವನ್ನು ಸ್ವಂತ ಕೈಯಿಂದ ಕಟ್ಟುವ ಹವ್ಯಾಸಿಗೆ ರೆಕ್ಕೆ, ಎಂಜಿನ್ನುಗಳಷ್ಟೇ ಮುಖ್ಯವಾದುದು ಅದರ ಕಾರ್ಯಾಚರಣೆಯ ಕೈಪಿಡಿ. ಕಾರ್ಖಾನೆಯ ವಿಮಾನಕ್ಕೆ ತಯಾರಕರೇ ಅದನ್ನು ಒದಗಿಸುತ್ತಾರೆ. ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಕಟ್ಟಿದವನೇ ಬರೆಯಬೇಕು.

ಬೆಂಗಳೂರಿನ ಎಚ್.ಎ.ಎಲ್. ತಯಾರಿಸಿದ, 1958ರಲ್ಲಿ ಮೊದಲು ಹಾರಿದ ‘ಪುಷ್ಪಕ್’ ಹಳೆಯ ಮಾದರಿಗೆ ಉತ್ತಮ ನಿದರ್ಶನ: ಬಟ್ಟೆ ಹೊದಿಸಿದ ರೆಕ್ಕೆ, ಎರಡು ಆಸನ, ಬಾಲದಡಿ ಚಕ್ರ. ಇಂಥ ವಿಮಾನದ ಕೈಪಿಡಿಯನ್ನು ನೋಡಿ ಕ್ರಮ ಕಲಿಯಬಹುದು. ಆದರೆ ಅದರ ವೇಗ, ತೂಕದ ಅಂಕಿಗಳನ್ನು ನಕಲು ಮಾಡುವುದು ಅಪಾಯಕರ. ತನ್ನ ವಿಮಾನವನ್ನೇ ತೂಗಿ, ಪರೀಕ್ಷಾ ಹಾರಾಟದಲ್ಲಿ ಅಳೆದು ದಾಖಲಿಸಬೇಕು.

ಅನುಭವವೊಂದೇ ಸಾಲದೆಂಬುದು 1935ರ ಅಕ್ಟೋಬರ್ 30ರಂದು ಅಮೆರಿಕದಲ್ಲಿ ಪತನಗೊಂಡ ಬೋಯಿಂಗ್ 299 ವಿಮಾನದಿಂದ ಸಿದ್ಧವಾಯಿತು. ನಿಯಂತ್ರಣ ಫಲಕಗಳು ಗಾಳಿಗೆ ಅಲುಗದಂತೆ ಹಾಕಿದ್ದ ಬೀಗವನ್ನು ತೆಗೆಯಲು ನುರಿತ ಚಾಲಕರೇ ಮರೆತಿದ್ದರು, ಇಬ್ಬರು ಅಸುನೀಗಿದರು. ಚಾಲಕರ ತಪಾಸಣಾ ಪಟ್ಟಿ ರೂಢಿಗೆ ಬಂದುದು ಆ ಬಳಿಕ.

ಲೆಕ್ಕಪರಿಶೋಧನೆಯ ಭಾಷೆಯಲ್ಲಿ ಇದು ಆಂತರಿಕ ನಿಯಂತ್ರಣ. ನಮ್ಮ ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನ ಗ್ರಾನೈಟ್ ಘಟಕದ ಕ್ರೇನಿಗೂ, ಮರೋಳ ಹನಿ ನೀರಾವರಿಯ ಪಂಪುಗಳಿಗೂ ಇದು ಅನ್ವಯಿಸುತ್ತದೆ. ವಿಧಾನವು ಹಿರಿಯ ಮೇಸ್ತ್ರಿಯೊಬ್ಬನ ನೆನಪಿನಲ್ಲಷ್ಟೇ ಇದ್ದರೆ, ಆತನ ಗೈರುಹಾಜರಿಯಲ್ಲಿ ಬಂಡವಾಳಕ್ಕೂ ಕಾರ್ಮಿಕರ ಜೀವಕ್ಕೂ ರಕ್ಷಣೆಯಿಲ್ಲ. ಬೇರೆ ಕಾರ್ಖಾನೆಯ ಕೈಪಿಡಿಗೆ ತಮ್ಮ ಹೆಸರು ಅಂಟಿಸಿದರೂ ಫಲವಿಲ್ಲ. ಯಂತ್ರದ ಬಳಿ ನಿಂತು, ನಡೆಸುವವರನ್ನೇ ಕೇಳಿ, ಒಂದೊಂದು ಹೆಜ್ಜೆಯನ್ನೂ ಸರಳ ಕನ್ನಡದಲ್ಲಿ ಬರೆಯಬೇಕು. ಬಳಿಕ ಹೊಸಬನೊಬ್ಬನಿಂದ ಓದಿಸಿ, ಮೇಲ್ವಿಚಾರಕನ ಎದುರಿನಲ್ಲಿ ಮಾಡಿಸಿ, ಅವನು ತಡವರಿಸಿದ ಕಡೆ ತಿದ್ದಬೇಕು. ಉದ್ಯಮಿಗಳು ಮುಂದಿನ ವಾರ್ಷಿಕ ದುರಸ್ತಿಯ ವೇಳೆಗಾದರೂ ಈ ಕಾರ್ಯವನ್ನು ಕೈಗೊಳ್ಳುವುದು ಉಚಿತ.