ಬಿಗಿದ ಮುಷ್ಟಿಗೆ ಬಲ ಬೇಡ

ಕ್ಯಾಸಲ್‌ರಾಕ್‌ನಿಂದ ಸೋದರಿಯೊಬ್ಬರು ಬರೆದಿದ್ದಾರೆ: ‘ಅತ್ತೆಯವರಿಗೆ ಲಕ್ವ ಹೊಡೆದು ಐದು ತಿಂಗಳಾಯಿತು. ಕೋಲು ಹಿಡಿದು ನಡೆಯುತ್ತಾರೆ. ಆದರೆ ಬಲಗೈ ಮಡಚಿಕೊಂಡು ಮುಷ್ಟಿ ಕಟ್ಟಿದೆ. ಮಳೆ ಹಿಡಿದ ಮೇಲೆ ಇನ್ನೂ ಬಿಗಿ. ಎಣ್ಣೆ ಹಚ್ಚಿ ಬೆರಳು ಬಿಡಿಸಹೋದರೆ ಅಳುತ್ತಾರೆ. “ಈ ಕೈ ಇನ್ನ ನಂದಲ್ಲ ಬಿಡವಾ” ಅಂತಾರೆ. ಏನು ಮಾಡಲಿ?’

ಮೊದಲು ಒಂದು ಮಾತು, ತಂಗಿ. ಪೆಟ್ಟು ಬಿದ್ದಿರುವುದು ಕೈಗಲ್ಲ, ಮಿದುಳಿಗೆ. ಸ್ನಾಯುಗಳನ್ನು ಹದದಲ್ಲಿಡುವ ಅಪ್ಪಣೆ ಅಲ್ಲಿಂದ ಸರಿಯಾಗಿ ಬರುತ್ತಿಲ್ಲ. ಅದಕ್ಕೇ ಅವು ತಾವಾಗಿ ಬಿಗಿಯುತ್ತವೆ. ಬೇಗ ಜಗ್ಗಿದರೆ ಇನ್ನೂ ಹಟ ಹಿಡಿಯುತ್ತವೆ. ನೋವು, ಥಂಡಿ, ದಣಿವು, ಮಲಬದ್ಧತೆ, ಉರಿಮೂತ್ರ ಇದ್ದರೂ ಬಿಗಿತ ಏರುತ್ತದೆ. ಮೊದಲು ಅವನ್ನು ವಿಚಾರಿಸಿ.

ಇನ್ನು ಮುಷ್ಟಿ ಬಿಡಿಸುವ ಬಗೆ. ಅತ್ತೆಯವರನ್ನು ಬೆಚ್ಚಗೆ ಕೂಡಿಸಿ, ತೋಳಿನ ಕೆಳಗೆ ದಿಂಬು ಇಡಿ. ಮಣಿಕಟ್ಟನ್ನು ಅಂಗೈ ಕಡೆಗೆ ಸ್ವಲ್ಪ ಬಾಗಿಸಿ. ಬೆರಳು ತಾನೇ ಸಡಿಲವಾಗುತ್ತದೆ. ಹೆಬ್ಬೆರಳನ್ನು ಬುಡದಲ್ಲಿ ಹಿಡಿದು ಹೊರಕ್ಕೆ ತನ್ನಿ, ಆಮೇಲೆ ಉಳಿದ ಬೆರಳು. ಕೊನೆಗೆ ಮಣಿಕಟ್ಟನ್ನು ನಿಧಾನವಾಗಿ ನೇರ ಮಾಡಿ. ನೋವೆಂದರೆ ಅಲ್ಲಿಗೇ ನಿಲ್ಲಿಸಿ. ಅಂಗೈ ತೊಳೆದು, ಬೆರಳ ಸಂದು ಒಣಗುವಂತೆ ಒರೆಸಿ, ಉಗುರು ಕತ್ತರಿಸಿ. ನಿಮ್ಮೂರ ಮಳೆಗಾಲದಲ್ಲಿ ಮುಚ್ಚಿದ ಅಂಗೈ ಬೇಗ ಹುಣ್ಣಾದೀತು. ಆ ಕೈ ಹಿಡಿದು ಎಬ್ಬಿಸಬೇಡಿ, ಭುಜ ಜಾರೀತು. ಸ್ಪರ್ಶ ಮಂದವಾಗಿರಬಹುದು, ಬಿಸಿನೀರಿನ ಚೀಲವೂ ಬೇಡ, ಒಲೆಯ ಹತ್ತಿರವೂ ಬೇಡ.

ಚೆಂಡು ಹಿಸುಕಿಸಿ ಎನ್ನುವವರಿದ್ದಾರೆ. ಹಿಸುಕುವುದು ಆ ಕೈಗೆ ಬರುತ್ತದೆ, ಬಾರದ್ದು ಬಿಡುವುದು. ಹಿಡಿದ ಬಟ್ಟೆಯನ್ನು ಬುಟ್ಟಿಗೆ ಬಿಡುವುದನ್ನು ಕಲಿಸಿ. ಎಡಗೈ ಸೊಪ್ಪು ಬಿಡಿಸುವಾಗ ಬಲ ಅಂಗೈ ತಟ್ಟೆಯನ್ನು ಒತ್ತಿ ಹಿಡಿಯಲಿ. ಎರಡೂ ಕೈ ಸೇರಿಸಿ ಮೇಜು ಒರೆಸಲಿ. ಸ್ವಲ್ಪ ಸ್ವಲ್ಪವೇ ಆದರೂ ದಿನಕ್ಕೆ ಹಲವು ಸಲ ಮಾಡಿಸಿ.

ಮೊದಲ ಮೂರರಿಂದ ಆರು ತಿಂಗಳು ಚೇತರಿಕೆ ಚುರುಕು, ನಿಜ. ಆದರೆ ಅಲ್ಲಿಗೇ ಬಾಗಿಲು ಮುಚ್ಚುವುದಿಲ್ಲ. ಅಭ್ಯಾಸದಿಂದ ಆಮೇಲೂ ಸುಧಾರಿಸಿದವರಿದ್ದಾರೆ. ರೈಲು ಹತ್ತಿ ಒಮ್ಮೆ ಹುಬ್ಬಳ್ಳಿಗೆ ಕರೆದೊಯ್ದು, ನರರೋಗ ವೈದ್ಯರಿಗೂ ಫಿಸಿಯೋಥೆರಪಿಯವರಿಗೂ ತೋರಿಸಿ. ಬಿಗಿತಕ್ಕೆ ಮಾತ್ರೆಗಳಿವೆ, ಕೊಟ್ಟರೆ, ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬೇಡಿ. ಬೊಟುಲಿನಮ್ ಚುಚ್ಚುಮದ್ದೂ ಇದೆ. ಅದರ ಗುಣ ಸುಮಾರು ಮೂರು ತಿಂಗಳು. ಆ ಬಿಡುವಿನಲ್ಲಿ ವ್ಯಾಯಾಮ ಮಾಡಿಸಿದರೇ ಫಲ.

ಎಲ್ಲ ಸೋದರಿಯರಿಗೂ ಒಂದು ಮಾತು: ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಅವಕಾಶ. ಘಟ್ಟದ ಊರಿನವರಿಗೆ ದಾರಿಯೇ ಅರ್ಧ ಹೊತ್ತು ನುಂಗುತ್ತದೆ.

ತಂಗಿ, ಅತ್ತೆಯವರು ಮತ್ತೆ ರೊಟ್ಟಿ ತಟ್ಟುತ್ತಾರೆಂದು ನಾನು ಮಾತು ಕೊಡಲಾರೆ. ಅವರೆಕಾಯಿಯ ತಟ್ಟೆ ಅಲುಗದಂತೆ ಹಿಡಿದರೂ ಅದು ಕೆಲಸವೇ ಅಲ್ಲವೇ? ಇವತ್ತೇ ಆ ತಟ್ಟೆಯನ್ನು ಅವರ ಮುಂದಿಡಿ. ಕೈ ಅವರದೇ ಎಂದು ಅವರಿಗೇ ಗೊತ್ತಾಗಲಿ.