ಪೇಪರ್ ಯಾರದು?

ಕಂಬಂ ಕಣಿವೆಯ ಒಕ್ಕಲಿಗ ಕಾಪ್ಪಿಲಿಯರ ಮನೆಗಳಲ್ಲಿ ಮಾತು ಕನ್ನಡ, ಓದು ತಮಿಳು. ತೇನಿಯಲ್ಲಾಗಲಿ ಪಳನಿಯಲ್ಲಾಗಲಿ, ಬೆಳಗಿನ ಟೀ ಅಂಗಡಿಯಲ್ಲಿ ಹಾಳೆ ಹಾಳೆಯಾಗಿ ಹಂಚಿಕೊಂಡು ಓದುವುದು ತಮಿಳು ಪೇಪರನ್ನೇ. ಅದರ ಒಂದು ಪುಟದ ಬುಡದಲ್ಲಿ ಇರುವೆ ಸಾಲಿನಂಥ ಅಕ್ಷರಗಳಿರುತ್ತವೆ: ಇಂಥ ಸಂಸ್ಥೆಯ ಪರವಾಗಿ ಇಂಥವರು ಮುದ್ರಿಸಿ ಪ್ರಕಟಿಸಿದರು, ಸಂಪಾದಕರು ಇಂಥವರು. ರಾಶಿಫಲ, ಚಿನ್ನದ ದರ ಎಲ್ಲ ಓದಿ ಮುಗಿಸಿದವರೂ ಇದನ್ನು ಓದುವುದಿಲ್ಲ. ಓದಿದರೂ ಸಿಗುವುದು ಸಾಮಾನ್ಯವಾಗಿ ಒಂದು ಕಂಪನಿಯ ಇಲ್ಲವೇ ಟ್ರಸ್ಟಿನ ಹೆಸರು. ಆ ಹೆಸರಿನ ಹಿಂದೆ ಇರುವ ಮನುಷ್ಯರು ಯಾರು ಎಂಬುದು ದಿನವೂ, ಕಣ್ಣಿಗೆ ಕಾಣುವಷ್ಟು ದೊಡ್ಡದಾಗಿ ಅಚ್ಚಾಗಬೇಕು. ಈ ಕರಪತ್ರ ಕೇಳುವುದು ಇಷ್ಟೇ.

ಯಾಕೆ ಕೇಳಬೇಕು ಎನ್ನುವುದಕ್ಕೆ ಮದುರೈನಲ್ಲೇ ಸಾಕ್ಷಿಯಿದೆ. 'ದಿನಕರನ್' ಪತ್ರಿಕೆಯನ್ನು 1977ರಲ್ಲಿ ಶುರುಮಾಡಿದವರು ಕೆ.ಪಿ. ಕಂದಸಾಮಿ. 2005ರಲ್ಲಿ ಅದು ಕಲಾನಿಧಿ ಮಾರನ್ ಅವರ ಸನ್ ಸಮೂಹದ ಕೈಗೆ ಹೋಯಿತು. ಹೆಸರು ಅದೇ, ಒಡೆಯರು ಬೇರೆ. ಹೊಸ ಒಡೆಯರು 2007ರಲ್ಲಿ ಮುಖ್ಯಮಂತ್ರಿಯಾಗಿದ್ದ ಕರುಣಾನಿಧಿಯವರ ಸೋದರಳಿಯ ಮುರಸೊಲಿ ಮಾರನ್ ಅವರ ಮಗ. 2007ರ ಮೇ 9ರಂದು ಪತ್ರಿಕೆ ಒಂದು ಸಮೀಕ್ಷೆ ಅಚ್ಚು ಮಾಡಿತು. ಕರುಣಾನಿಧಿಯವರ ರಾಜಕೀಯ ವಾರಸುದಾರ ಯಾರು ಎಂಬ ಪ್ರಶ್ನೆಗೆ ಅವರ ಮಗ ಸ್ಟಾಲಿನ್ ಎಂದವರು ನೂರಕ್ಕೆ 70, ಇನ್ನೊಬ್ಬ ಮಗ ಅಳಗಿರಿ ಎಂದವರು 2. ಅದೇ ದಿನ ಒಂದು ಗುಂಪು ಮದುರೈ ಕಚೇರಿಗೆ ನುಗ್ಗಿ ಬೆಂಕಿ ಹಚ್ಚಿತು. ಮೂವರು ನೌಕರರು ಸತ್ತರು. 2009ರಲ್ಲಿ ಕೆಳ ನ್ಯಾಯಾಲಯ ಎಲ್ಲ ಆರೋಪಿಗಳನ್ನೂ ಬಿಟ್ಟಿತು. ಒಂಬತ್ತು ಮಂದಿಗೆ ಜೀವಾವಧಿ ಶಿಕ್ಷೆಯಾಗಲು ಹೈಕೋರ್ಟಿನ 2019ರ ತೀರ್ಪಿನವರೆಗೆ ಕಾಯಬೇಕಾಯಿತು. ಆ ಸಮೀಕ್ಷೆ ಸುದ್ದಿಯೋ, ಮನೆಯೊಳಗಿನ ಜಗಳದ ಒಂದು ಪಟ್ಟೋ? ಅದನ್ನು ತೂಗಬೇಕಾದವನು ಓದುಗ. ಒಡೆಯರ ನೆಂಟಸ್ತಿಕೆ ಗೊತ್ತಿಲ್ಲದವನ ಕೈಯಲ್ಲಿ ತಕ್ಕಡಿಯೇ ಇಲ್ಲ.

ಇದಕ್ಕೆ ಎದುರು ಮಾತಿದೆ, ಹಗುರವಾದದ್ದೂ ಅಲ್ಲ. ಒಡೆಯರ ಹೆಸರನ್ನು ಸಾರಿದರೆ ಇಂಥ ದಾಳಿಗಳಿಗೆ ದಾರಿ ತೋರಿಸಿದಂತೆ ಆಗುವುದಿಲ್ಲವೇ? ಆದರೆ ಮದುರೈಯಲ್ಲಿ ಬೆಂಕಿ ಹಚ್ಚಿದವರಿಗೆ ಯಾವ ವಿಳಾಸವನ್ನೂ ಯಾರೂ ಕೊಡಬೇಕಾಗಿರಲಿಲ್ಲ. ಪತ್ರಿಕೆ ಯಾರದೆಂಬುದು ರಾಜಕೀಯದವರಿಗೆ ಎಂದೂ ಗುಟ್ಟಲ್ಲ. ಅದು ಗುಟ್ಟಾಗಿ ಉಳಿಯುವುದು ಕಾಸು ಕೊಟ್ಟು ಕೊಳ್ಳುವವನಿಗೆ. ಸತ್ತವರಾದರೂ ಒಡೆಯರಲ್ಲ, ಆ ದಿನ ಕೆಲಸಕ್ಕೆ ಬಂದಿದ್ದವರು.

ಟ್ರಸ್ಟಿನ ಪತ್ರಿಕೆ ಊರಿನ ಸೊತ್ತು, ಅದಕ್ಕೇಕೆ ಈ ತಕರಾರು ಎನ್ನುವವರಿದ್ದಾರೆ. ಎಸ್.ಪಿ. ಆದಿತ್ತನಾರ್ 1942ರಲ್ಲಿ ಮದುರೈಯಲ್ಲೇ ಹುಟ್ಟುಹಾಕಿದ 'ದಿನತಂತಿ' 1954ರಲ್ಲಿ ಟ್ರಸ್ಟಿಗೆ ಸೇರಿತು. ಲಾಭವನ್ನು ಶಾಲೆ, ಕಾಲೇಜು, ಹಾಸ್ಟೆಲಿನಂಥ ಕೆಲಸಗಳಿಗೆ ಬಳಸಬೇಕೆಂಬ ಕರಾರು ಆಮೇಲೆ ಬಂತು. ಆದರೂ ಪತ್ರಿಕೆಯನ್ನು ನಡೆಸಿದವರು ಮಗ ಶಿವಂತಿ ಆದಿತ್ತನ್, 2013ರಲ್ಲಿ ಅವರು ತೀರಿಕೊಂಡ ಮೇಲೆ ಮೊಮ್ಮಗ. ಇದು ತಪ್ಪೆಂದು ಹೇಳುತ್ತಿಲ್ಲ. ಟ್ರಸ್ಟ್ ಎಂಬ ಹೆಸರು ಒಡೆತನದ ಪ್ರಶ್ನೆಯನ್ನು ಮುಗಿಸುವುದಿಲ್ಲ ಎಂದಷ್ಟೇ ಹೇಳುತ್ತಿರುವುದು. ಕನ್ನಡದಲ್ಲೂ ಇದರ ಜೋಡಿಯಿದೆ. 'ಸಂಯುಕ್ತ ಕರ್ನಾಟಕ'ವನ್ನು ನಡೆಸುವ ಲೋಕಶಿಕ್ಷಣ ಟ್ರಸ್ಟ್ ಆದಾಯ ತೆರಿಗೆಯ ವಿನಾಯಿತಿ ಕೇಳಿ ಸುಪ್ರೀಂ ಕೋರ್ಟಿಗೆ ಹೋದಾಗ ಅದಕ್ಕೆ ಇದ್ದವರು ಒಬ್ಬರೇ ಟ್ರಸ್ಟಿ. ಪತ್ರಿಕೆ ನಡೆಸುವುದು ಶಿಕ್ಷಣವಾಗದು, ಶಿಕ್ಷಣವೆಂದರೆ ಶಾಲೆಯ ಕ್ರಮದ ಕಲಿಕೆ ಎಂದು 1975ರಲ್ಲಿ ಕೋರ್ಟು ವಿನಾಯಿತಿ ನಿರಾಕರಿಸಿತು. ದಿನತಂತಿಯ ಟ್ರಸ್ಟ್ ಅದೇ ಕೋರ್ಟಿನಲ್ಲಿ, ಕಾನೂನು ಬದಲಾದ ಮೇಲಿನ ವರ್ಷಗಳ ಮಟ್ಟಿಗೆ, 2001ರಲ್ಲಿ ಗೆದ್ದಿತು. ಎರಡೂ ಕಡೆ ವಾದವಾದದ್ದು ತೆರಿಗೆಯ ಮೇಲೆ, ಲಾಭದ ಹಣ ಯಾವ ಕಡೆ ಹರಿಯುತ್ತದೆ ಎಂಬುದರ ಮೇಲೆ. ಸುದ್ದಿ ಯಾರ ಮಾತಿನಂತೆ ಹರಿಯುತ್ತದೆ ಎಂದು ಕೇಳುವುದು ಆ ಕೋರ್ಟಿನ ಕೆಲಸವಾಗಿರಲಿಲ್ಲ.

ಕಾನೂನು ಆಗಲೇ ಇದೆಯಲ್ಲ ಎಂಬುದು ಕೊನೆಯ ಆಕ್ಷೇಪ. ನಿಜ. 1956ರ ನಿಯಮಗಳ ಪ್ರಕಾರ ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ಒಡೆಯರ ಹೆಸರನ್ನೂ, ಬಂಡವಾಳದಲ್ಲಿ ನೂರಕ್ಕೆ ಒಂದಕ್ಕಿಂತ ಹೆಚ್ಚು ಪಾಲಿರುವವರ ಹೆಸರನ್ನೂ ಪತ್ರಿಕೆ ಅಚ್ಚು ಮಾಡಬೇಕಿತ್ತು. ವರ್ಷಕ್ಕೆ ಒಂದು ಸಲ, ಟೆಂಡರ್ ಜಾಹೀರಾತುಗಳ ನಡುವೆ, ನಮೂನೆ ನಾಲ್ಕು ಎಂಬ ತಲೆಬರಹದಲ್ಲಿ. ಪಾಲುದಾರ ಇನ್ನೊಂದು ಕಂಪನಿಯಾಗಿದ್ದರೆ ಓದುಗ ಮತ್ತೆ ಗೋಡೆಗೆ ಮುಟ್ಟಿದ. ಪತ್ರಿಕೆ ಕೈಬದಲಾಗುವುದು ಮಾರ್ಚ್ ನೋಡಿಕೊಂಡಲ್ಲ: ವಿಜಯ ಸಂಕೇಶ್ವರರು 1999ರಲ್ಲಿ ಕಟ್ಟಿದ 'ವಿಜಯ ಕರ್ನಾಟಕ' 2006ರಲ್ಲಿ ಟೈಮ್ಸ್ ಸಮೂಹದ್ದಾಯಿತು. ಮನೆ ಬಾಗಿಲಿಗೆ ಬಂದು ಬಿದ್ದ ಪೇಪರಿನ ತಲೆಯ ಮೇಲೆ ಅದೇ ಹೆಸರು ಇತ್ತು. ಎರಡು ರೂಪಾಯಿಯ ಬಿಸ್ಕತ್ ಪೊಟ್ಟಣದ ಮೇಲೂ ಮಾಡಿದವರ ಹೆಸರು ವಿಳಾಸ ಇರುತ್ತದೆ. ಪತ್ರಿಕೆಯವರೂ ಮೊದಲ ಪುಟದಲ್ಲಿ, ಬೆಲೆ ಅಚ್ಚು ಮಾಡುವ ಜಾಗದ ಪಕ್ಕದಲ್ಲೇ, ಒಡೆಯರ ಇಲ್ಲವೇ ಟ್ರಸ್ಟಿಗಳ ಹೆಸರು ಹಾಕಲಿ. ಅವರಿಗೆ ಬೇರೆ ಉದ್ಯಮವೋ ಪಕ್ಷದ ನಂಟೋ ಇದ್ದರೆ ಅದೂ ಒಂದು ಸಾಲು. ನಿಮ್ಮ ಪೇಪರಿಗೆ ಒಂದು ಕಾರ್ಡು ಬರೆದು ಇದನ್ನು ಕೇಳಿ. ತಮಿಳಿನಲ್ಲೇ ಬರೆಯಿರಿ, ಉತ್ತರ ಬೇಗ ಬಂದೀತು.